ಬಿಸಿಯಾದರೆ ಏಳದ ಬುಲೆಟ್: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ಬೆಳಿಗ್ಗೆ ತಣ್ಣಗಿದ್ದಾಗ ಒಂದೋ ಎರಡೋ ಕಿಕ್‌ಗೆ ಸ್ಟಾರ್ಟ್. ಊರಿಂದ ಶಿವಮೊಗ್ಗದವರೆಗೆ ಓಡಿದರೂ ಮಿಸ್ಸಿಂಗ್ ಇಲ್ಲ, ಪಿಕಪ್ ಚೆನ್ನಾಗಿದೆ. ಆದರೆ ದಾರಿಯಲ್ಲಿ ಕಾಫಿಗೆ ಅಂತ ಹತ್ತು ನಿಮಿಷ ನಿಲ್ಲಿಸಿದರೆ ಮುಗೀತು. ಆಮೇಲೆ ಎಷ್ಟು ಕಿಕ್ ಹೊಡೆದರೂ ಜಪ್ಪಯ್ಯ ಅನ್ನುವುದಿಲ್ಲ. ಮುಕ್ಕಾಲು ಗಂಟೆ ಸುಮ್ನೆ ಬಿಟ್ಟರೆ ಮತ್ತೆ ಮೊದಲಿನ ಹಾಗೇ ಸ್ಟಾರ್ಟ್ ಆಗುತ್ತದೆ.

ಹಳೆ ಬೈಕು ಇಟ್ಟುಕೊಂಡ ಬಹಳ ಜನಕ್ಕೆ ಈ ಕಾಟ ಗೊತ್ತು. ನಮ್ಮ ಗ್ಯಾರೇಜಿಗೆ ಬಂದ ಇಂಥ ಒಂದು ಬುಲೆಟ್‌ನ ಪೂರ್ತಿ ವಿವರ ಇಲ್ಲಿದೆ. ಏನು ನೋಡಿದೆವು, ಯಾವುದರ ನಂತರ ಯಾವುದು, ಯಾವ ಅನುಮಾನವನ್ನು ಯಾಕೆ ಬಿಟ್ಟೆವು ಎಲ್ಲವನ್ನೂ ಬರೆದಿದ್ದೇನೆ. ಈ ದೋಷ ಹಿಡಿಯುವುದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ದೋಷ ಕಾಣಿಸುವ ಹೊತ್ತಿನಲ್ಲೇ ಗಾಡಿಯನ್ನು ನೋಡಬೇಕು, ಅಷ್ಟೇ. ಅದೊಂದನ್ನೇ ಹೆಚ್ಚಿನವರು ಮಾಡುವುದಿಲ್ಲ.

ಗಾಡಿ, ಮತ್ತು ಯಜಮಾನರ ದೂರು

ಗಾಡಿ ತೊಂಬತ್ತರ ದಶಕದ ಬುಲೆಟ್ 350. ಕ್ಯಾಸ್ಟ್ ಐರನ್ ಎಂಜಿನ್, 346 ಸಿಸಿ, ಬಲಗಾಲಿಗೆ ಗೇರ್. 12 ವೋಲ್ಟ್ ಬ್ಯಾಟರಿ, ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಹುಟ್ಟಿಸುವ ಎಚ್‌ಟಿ ಕಾಯಿಲ್, ಕಾಯಿಲ್‌ನ ಕರೆಂಟನ್ನು ಕೂಡಿಸಿ ಬಿಡಿಸುವ ಸಿಬಿ ಪಾಯಿಂಟ್ ಅನ್ನುವ ಸ್ವಿಚ್ಚು, ಅದರ ಜೊತೆಗೆ ಕಂಡೆನ್ಸರ್ (ಇದರ ಕೆಲಸ ಮುಂದೆ ಹೇಳುತ್ತೇನೆ). ಇವಿಷ್ಟೇ ಇದರ ಇಗ್ನಿಷನ್, ಅಂದರೆ ಕಿಡಿ ಹುಟ್ಟಿಸುವ ವ್ಯವಸ್ಥೆ. ಎಲೆಕ್ಟ್ರಾನಿಕ್ಸ್ ಅನ್ನುವಂಥದ್ದು ಅಲ್ಲಿ ಏನೂ ಇಲ್ಲ. ಹೆಡ್‌ಲೈಟ್ ಮೇಲೆ ಕರೆಂಟ್ ಎಷ್ಟು ಹರಿಯುತ್ತಿದೆ ಅಂತ ತೋರಿಸುವ ಆಮೀಟರ್ ಇದೆ, ಅದೃಷ್ಟಕ್ಕೆ ಅದು ಕೆಲಸವೂ ಮಾಡುತ್ತಿತ್ತು. ಹಳೆ ಬುಲೆಟ್‌ಗಳಲ್ಲಿ ಆ ಮುಳ್ಳು ಸತ್ತುಹೋಗಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನ್ನ ಪ್ರಕಾರ ಈ ಗಾಡಿಯಲ್ಲಿ ಅತಿ ಉಪಯೋಗದ ಮೀಟರ್ ಅದೇ, ಸ್ಪೀಡೋಮೀಟರಿಗಿಂತ.

ಯಜಮಾನರದ್ದು ತೀರ್ಥಹಳ್ಳಿ ಮತ್ತು ಆಗುಂಬೆ ನಡುವೆ ಅಡಿಕೆ ತೋಟ. ಅವರ ತಂದೆ ಹೊಸದಾಗಿ ಕೊಂಡ ಗಾಡಿ, ಮನೆಯಲ್ಲಿ ಅದರ ಮೇಲೆ ಎಲ್ಲರಿಗೂ ಪ್ರೀತಿ. ಶಿವಮೊಗ್ಗದ ಅಡಿಕೆ ಮಂಡಿಗೆ, ಬ್ಯಾಂಕಿಗೆ, ನೆಂಟರ ಮನೆಗೆ ಎಲ್ಲಕ್ಕೂ ಅವರು ಇದರಲ್ಲೇ ಹೋಗುತ್ತಾರೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ತುಂಗೆಯ ಜೊತೆಜೊತೆಗೇ ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಬರುವ ರಸ್ತೆ.

"ಎಂಥದು ಅಂತ ಗೊತ್ತಾಗ್ತಿಲ್ಲ ಮಾರಾಯಾ. ಓಡ್ತಾ ಇರೋವರೆಗೆ ರಾಜ. ಮಂಡಗದ್ದೇಲಿ ಇಳಿದು ಕಾಫಿ ಕುಡಿದು ಬಂದ್ರೆ ಮುಗೀತು ಕಥೆ. ಮಂಡಿ ಎದುರಿಗೆ ಕಿಕ್ ಹೊಡ್ದೂ ಹೊಡ್ದೂ ಮಂಡಿ ಚಿಪ್ಪೇ ಹೋಯ್ತು" ಅಂದರು.

ದೂರು ಕೇಳುವಾಗ ಅವಸರ ಮಾಡಬಾರದು. ನಾನು ಬಿಡಿಬಿಡಿಯಾಗಿ ಕೇಳುತ್ತಾ ಹೋದೆ.

"ಆಫ್ ಮಾಡಿದ ತಕ್ಷಣ ಕಿಕ್ ಹೊಡೆದ್ರೆ ಹಿಡಿಯುತ್ತಾ ಯಜಮಾನ್ರೇ?"

"ಹಿಡೀತದೆ. ಪೆಟ್ರೋಲ್ ಹಾಕ್ಸಿ ಕೂಡ್ಲೇ ಹೊರಟ್ರೆ ಏನೂ ತೊಂದರೆ ಇಲ್ಲ."

"ಓಡುವಾಗ ಯಾವತ್ತಾದ್ರೂ ತಾನಾಗೇ ಆಫ್ ಆಗಿದೆಯಾ?"

"ಇಲ್ಲ. ಒಂದ್ಸಲವೂ ಇಲ್ಲ."

"ಮಳೆಗಾಲದಲ್ಲಿ?"

ಸ್ವಲ್ಪ ಯೋಚಿಸಿದರು. "ಮಳೆಗಾಲದಲ್ಲಿ ಇಷ್ಟಿರಲಿಲ್ಲ. ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ ಜಾಸ್ತಿ ಆಗಿದ್ದು."

ಈ ಮೂರು ಉತ್ತರದಲ್ಲಿ ಬಹಳ ವಿಷಯ ಇದೆ. ನಿಲ್ಲಿಸಿದ ತಕ್ಷಣ ಹಿಡಿಯುತ್ತದೆ, ಹತ್ತು ಹದಿನೈದು ನಿಮಿಷ ಬಿಟ್ಟರೆ ಹಿಡಿಯುವುದಿಲ್ಲ, ಇನ್ನೂ ಹೆಚ್ಚು ಬಿಟ್ಟರೆ ಮತ್ತೆ ಹಿಡಿಯುತ್ತದೆ. ಅಂದರೆ ಓಡುವಾಗಿನ ಬಿಸಿಗಿಂತ ನಿಂತ ಮೇಲೆ ಏರುವ ಬಿಸಿ ಇಲ್ಲಿ ಕೆಲಸ ಮಾಡುತ್ತಿದೆ. ಗಾಡಿ ಓಡುವಾಗ ಗಾಳಿ ಬಡಿದು ಎಂಜಿನ್ ತಣಿಯುತ್ತಾ ಇರುತ್ತದೆ. ನಿಲ್ಲಿಸಿದ ಕೂಡಲೇ ಗಾಳಿ ಇಲ್ಲ. ಆದರೆ ಹೆಡ್ಡು, ಬ್ಲಾಕು ಇನ್ನೂ ಕಾದಿರುತ್ತವೆ. ಆ ಬಿಸಿ ಮೆಲ್ಲಗೆ ಅಕ್ಕಪಕ್ಕದ ಭಾಗಗಳಿಗೆ ಇಳಿಯುತ್ತದೆ. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ), ಪಾಯಿಂಟ್ ಡಬ್ಬಿ ಇವೆಲ್ಲ ನಿಂತು ಹತ್ತು ಹದಿನೈದು ನಿಮಿಷ ಆದ ಮೇಲೆ ಓಡುವಾಗಿಗಿಂತ ಜಾಸ್ತಿ ಬಿಸಿ ಇರುತ್ತವೆ. ನಂಬಿಕೆ ಬರದಿದ್ದರೆ ನಿಮ್ಮ ಬೈಕಿನ ಕಾರ್ಬುರೇಟರನ್ನು ನಿಂತ ತಕ್ಷಣ ಒಮ್ಮೆ, ಹತ್ತು ನಿಮಿಷ ಬಿಟ್ಟು ಒಮ್ಮೆ ಮುಟ್ಟಿ ನೋಡಿ.

ಅದಾಗಲೇ ಬದಲಾಗಿದ್ದ ಪಾರ್ಟ್‌ಗಳು

ನಮ್ಮಲ್ಲಿಗೆ ಬರುವ ಮೊದಲು ಗಾಡಿ ಬೇರೆ ಬೇರೆ ಕಡೆ ತೋರಿಸಿಕೊಂಡು ಬಂದಿತ್ತು. ಪ್ಲಗ್ ಹೊಸದು. ಬ್ಯಾಟರಿ ಹೊಸದು. ಎಚ್‌ಟಿ ಕಾಯಿಲ್ ಹೊಸದು. ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದರು. ಟ್ಯಾಪೆಟ್ (ವಾಲ್ವ್ ತಳ್ಳುವ ಭಾಗದ ಸಂದಿ) ಅಡ್ಜಸ್ಟ್ ಆಗಿತ್ತು. ಪಾಯಿಂಟ್ ಮತ್ತು ಕಂಡೆನ್ಸರ್ ಕೂಡ ಹಿಂದಿನ ವರ್ಷವೇ ಬದಲಾಗಿದ್ದವು. ಕೊನೆಗೆ ಒಂದು ಕಡೆ "ಬೋರ್ ಮಾಡ್ಸಿ, ಪಿಸ್ಟನ್ ಹೋಗಿದೆ" ಅಂದಿದ್ದರು. ಆ ಮಾತಿಗೆ ಹೆದರಿಯೇ ಯಜಮಾನರು ಗಾಡಿಯನ್ನು ನಮ್ಮಲ್ಲಿಗೆ ತಂದಿದ್ದು.

ಈ ಪಟ್ಟಿ ನೋಡಿದರೆ ಒಂದು ಗೊತ್ತಾಗುತ್ತದೆ. ಪ್ರತಿ ಪಾರ್ಟನ್ನೂ ಗಾಡಿ ತಣ್ಣಗಿದ್ದಾಗ ಬದಲಾಯಿಸಿದ್ದಾರೆ. ಸಹಜವೇ. ಗ್ಯಾರೇಜಿಗೆ ಬಂದ ಗಾಡಿಯನ್ನು ಬೆಳಿಗ್ಗೆ ಬಿಚ್ಚುತ್ತಾರೆ, ಪಾರ್ಟ್ ಹಾಕುತ್ತಾರೆ, ಕಿಕ್ ಹೊಡೆಯುತ್ತಾರೆ, ಸ್ಟಾರ್ಟ್ ಆಗುತ್ತದೆ. ತಣ್ಣಗಿದ್ದಾಗ ಅದು ಮೊದಲೂ ಸ್ಟಾರ್ಟ್ ಆಗುತ್ತಿತ್ತಲ್ಲ! ಹಾಗಾಗಿ ಆ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ. ಯಜಮಾನರು ದುಡ್ಡು ಕೊಟ್ಟು ಹೋಗುತ್ತಾರೆ, ಗಾಜನೂರು ದಾಟುವುದರೊಳಗೆ ಹಳೇ ಕಥೆ ಮತ್ತೆ ಶುರು.

ಬೋರ್ ಮಾಡಿಸುವ, ಅಂದರೆ ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸುವ ಮಾತನ್ನು ನಾನು ಅಲ್ಲೇ ಬದಿಗಿಟ್ಟೆ. ಪಿಸ್ಟನ್, ರಿಂಗ್ ಸವೆದಿದ್ದರೆ ಹೊಗೆ ಕಾಣಬೇಕು, ಆಯಿಲ್ ಕಡಿಮೆ ಆಗಬೇಕು, ಏರಿನಲ್ಲಿ ಎಳೆಯುವ ಶಕ್ತಿ ಕುಗ್ಗಬೇಕು. ಇಲ್ಲಿ ಅದು ಯಾವುದೂ ಇರಲಿಲ್ಲ.

ಉಳಿದದ್ದು ಮೂರು ಅನುಮಾನ. ಒಂದು ಪೆಟ್ರೋಲಿನದು. ಕಾದ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಆವಿಯಾಗಿ ಮಿಶ್ರಣ ಕೆಡಬಹುದು, ಇಲ್ಲವೇ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿ ಪೆಟ್ರೋಲ್ ಇಳಿಯದಿರಬಹುದು. ಎರಡನೆಯದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ. ಎಕ್ಸಾಸ್ಟ್ ಟ್ಯಾಪೆಟ್ ಬಿಗಿಯಾಗಿದ್ದರೆ ಬಿಸಿಯಲ್ಲಿ ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ. ಮೂರನೆಯದು ಕಿಡಿ.

ಈ ಮೂರೂ ಬಿಸಿಯಲ್ಲಿ ಕೈ ಕೊಡುತ್ತವೆ, ತಣ್ಣಗಾದ ಮೇಲೆ ಸರಿಯಾಗುತ್ತವೆ. ಹಾಗಾಗಿ ಬರೀ ದೂರು ಕೇಳಿ ಇಂಥದ್ದೇ ಅಂತ ಹೇಳುವುದಕ್ಕೆ ಆಗುವುದಿಲ್ಲ. ಹೇಳುವವರಿದ್ದಾರೆ, ಆದರೆ ಅದು ಊಹೆ. ಈಚೆಗೆ ಎಲ್ಲರೂ ಪೆಟ್ರೋಲಿನ ಮೇಲೆ ಬೆರಳು ತೋರಿಸುತ್ತಾರೆ. 2023ರಿಂದ ಬಂಕ್‌ಗಳಲ್ಲಿ ಶೇ. 20ರಷ್ಟು ಎಥನಾಲ್ ಸೇರಿದ ಇ20 ಪೆಟ್ರೋಲ್ ಬರತೊಡಗಿತು, ಅದರಿಂದಲೇ ಎಲ್ಲ ಅನ್ನುತ್ತಾರೆ. ಹಳೆ ಗಾಡಿಯ ರಬ್ಬರು, ಪ್ಯಾಕಿಂಗುಗಳಿಗೆ ಎಥನಾಲ್ ಆಗಿಬರುವುದಿಲ್ಲ ಅನ್ನುವುದು ನಿಜ. ಹಾಗಂತ ಹೊಸ ಪೆಟ್ರೋಲಿನ ಮೇಲೆ ಹಾಕಿ ಕೈ ತೊಳೆದುಕೊಂಡರೆ ನಿಜವಾದ ದೋಷ ಅಲ್ಲೇ ಉಳಿಯುತ್ತದೆ.

ಆಗುಂಬೆ ಘಾಟಿಯಲ್ಲಿ

ದೋಷ ನಮ್ಮ ಕಣ್ಣೆದುರಿಗೇ ಬರಬೇಕಿತ್ತು. ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಿ ರೇಸ್ ಮಾಡಿದರೂ ಬಿಸಿ ಮಾಡಬಹುದು. ಆದರೆ ಗಾಳಿಯಿಂದ ತಣಿಯುವ ಎಂಜಿನ್ನನ್ನು ನಿಂತಲ್ಲೇ ಹಾಗೆ ಕಾಯಿಸುವುದು ಕ್ರೂರ, ಸೀಜ್ ಆಗುವ (ಪಿಸ್ಟನ್ ಸಿಕ್ಕಿಬೀಳುವ) ಭಯವೂ ಇದೆ. ಗಾಡಿ ದುಡಿದೇ ಬಿಸಿಯಾಗಬೇಕು. ಅದಕ್ಕೆ ನಮ್ಮ ಕಡೆ ಆಗುಂಬೆ ಘಾಟಿಗಿಂತ ಒಳ್ಳೆ ಜಾಗ ಎಲ್ಲಿದೆ? ಏಪ್ರಿಲ್ ಕೊನೆ, ಮಳೆ ಇನ್ನೂ ಹಿಡಿದಿರಲಿಲ್ಲ. ನಾನು ಓಡಿಸಿದೆ, ಹಿಂದೆ ಯಜಮಾನರು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿದು, ಅಲ್ಲಿಂದ ಹಾಗೇ ತಿರುಗಿ 14 ಹೇರ್‌ಪಿನ್ ತಿರುವು ಹತ್ತಿ ಮೇಲೆ ಬಂದೆವು. ಇಬ್ಬರ ಭಾರ, ಕಡಿಮೆ ಗೇರ್, ಕಡಿಮೆ ವೇಗ. ಎಂಜಿನ್ ಚೆನ್ನಾಗಿ ಕಾಯಿತು. ಏರಿನಲ್ಲಿ ಒಂದು ಮಿಸ್ಸೂ ಇಲ್ಲ.

ಸೂರ್ಯಾಸ್ತ ನೋಡುವ ಜಾಗದ ಹತ್ತಿರ ರಸ್ತೆಯಿಂದ ಬದಿಗೆ ನಿಲ್ಲಿಸಿದೆವು. ಆಫ್ ಮಾಡಿ ತಕ್ಷಣ ಒಂದು ಕಿಕ್. ಹಿಡಿಯಿತು. ಮತ್ತೆ ಆಫ್ ಮಾಡಿ ಹತ್ತು ಹದಿನೈದು ನಿಮಿಷ ಬಿಟ್ಟೆವು. ಈಗ ಕಿಕ್ ಹೊಡೆದರೆ ಏನೂ ಇಲ್ಲ. ಯಜಮಾನರ ಮುಖ ಬಾಡಿತು. ನನಗೆ ಮಾತ್ರ ಖುಷಿಯಾಯಿತು, ದೋಷ ಸಿಕ್ಕಿತ್ತಲ್ಲ. ಗಾಡಿ ತಣ್ಣಗಾಗುವವರೆಗೆ ನಮ್ಮ ಕೈಯಲ್ಲಿ ಅರ್ಧ ಗಂಟೆ ಇತ್ತು. ಹಾಗಾಗಿ ಸುಲಭದ ಪರೀಕ್ಷೆಗಳಿಂದ ಶುರು ಮಾಡಿದೆವು.

ಮೊದಲು ಕಂಪ್ರೆಷನ್. ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಟ್ಟುಕೊಡುವ ಲಿವರ್) ಹಿಡಿಯದೆ ಕಿಕ್ ಮೇಲೆ ನಿಧಾನಕ್ಕೆ ಭಾರ ಬಿಟ್ಟೆ. ಅದು ಗಟ್ಟಿಯಾಗಿ ನಿಂತಿತು, ಆಮೇಲೆ ಮೆಲ್ಲಗೆ ಜಾರಿತು. ಒತ್ತಡ ಚೆನ್ನಾಗಿದೆ, ವಾಲ್ವ್ ಸರಿಯಾಗಿ ಮುಚ್ಚುತ್ತಿದೆ. ಟ್ಯಾಪೆಟ್ ಅನುಮಾನ ಅಲ್ಲಿಗೆ ಮುಗಿಯಿತು.

ಆಮೇಲೆ ಪೆಟ್ರೋಲ್. ಟ್ಯಾಂಕ್ ಮುಚ್ಚಳ ತೆಗೆದೆವು, ಗಾಳಿ ಎಳೆದ ಸದ್ದಿಲ್ಲ. ಮುಚ್ಚಳ ತೆಗೆದಿಟ್ಟೇ ಕಿಕ್ ಹೊಡೆದರೂ ಹಿಡಿಯಲಿಲ್ಲ. ಪ್ಲಗ್ ಬಿಚ್ಚಿದೆವು. ಬಟ್ಟೆ ಸುತ್ತಿಕೊಂಡೇ ಹಿಡಿಯಬೇಕು, ಇಲ್ಲದಿದ್ದರೆ ಕೈ ಸುಡುತ್ತದೆ. ತುದಿ ಕಪ್ಪಗೆ, ಒದ್ದೆ. ಪೆಟ್ರೋಲ್ ವಾಸನೆ ಗಪ್ಪಂತ ಬಂತು. ಒದ್ದೆ ಪ್ಲಗ್ ಬಹಳ ದೊಡ್ಡ ಸುಳಿವು. ಪೆಟ್ರೋಲ್ ಸಿಲಿಂಡರಿಗೆ ಬರುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಪ್ಲಗ್ ಒಣಗಿದ್ದಿದ್ದರೆ ನಾವು ಕಾರ್ಬುರೇಟರ್ ಕಡೆ ಹೋಗಬೇಕಿತ್ತು.

ಜೇಬಿನಲ್ಲಿ ಇನ್ನೊಂದು ಒಳ್ಳೆ ಪ್ಲಗ್ ಇತ್ತು. ಅದನ್ನು ಕ್ಯಾಪಿಗೆ ಸಿಕ್ಕಿಸಿ, ಮೈಯನ್ನು ಹೆಡ್ಡಿಗೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಇಟ್ಟು ಕಿಕ್ ಹೊಡೆದೆವು. ಆ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಪಕ್ಕದಲ್ಲೇ ಕಿಡಿ ಇಟ್ಟರೆ ಬೆಂಕಿ ಹತ್ತಬಹುದು. ಬೇಸಿಗೆಯಲ್ಲಿ, ಒಣ ಹುಲ್ಲಿನ ಬದಿಯಲ್ಲಿ ಈ ಎಚ್ಚರ ಇರಲೇಬೇಕು. ಕಿಡಿ ಬಂತು. ಆದರೆ ತೆಳು, ಹಳದಿ ಬಣ್ಣ, ಒಂದು ಸಲ ಬಂದರೆ ಇನ್ನೊಂದು ಸಲ ಇಲ್ಲ.

"ಕರೆಂಟ್ ಬರ್ತಾ ಇದೆಯಲ್ಲ" ಅಂದರು ಯಜಮಾನರು. ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಹೊರಗೆ ಬಯಲಿನಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರ್ ಒಳಗೆ ಒತ್ತಿದ ಗಾಳಿಯಲ್ಲಿ ಅದೇ ಅರ್ಧ ಮಿಲಿಮೀಟರ್ ಗ್ಯಾಪ್ ದಾಟುವುದಕ್ಕೆ ಬಹಳ ಜಾಸ್ತಿ ವೋಲ್ಟೇಜ್ ಬೇಕು. ಹೊರಗೆ ಮಂಕಾಗಿ ಕಾಣುವ ಕಿಡಿ ಒಳಗೆ ಹಾರುವುದೇ ಇಲ್ಲ ಅಂತಲೇ ತಿಳಿಯಬೇಕು. ಒಳ್ಳೆ ಕಿಡಿ ನೀಲಿ ಇರುತ್ತದೆ, ದಪ್ಪ ಇರುತ್ತದೆ, ಚಟ್ ಅಂತ ಸದ್ದು ಮಾಡುತ್ತದೆ. ಬಯಲಿನಲ್ಲಿ ಐದಾರು ಮಿಲಿಮೀಟರ್ ದೂರ ಹಾರಬೇಕು.

ಈಗ ದೋಷ ಇಗ್ನಿಷನ್‌ನಲ್ಲಿದೆ ಅಂತ ಗಟ್ಟಿಯಾಯಿತು. ಎಲ್ಲಿ ಅಂತ ಹೇಳುವುದಕ್ಕೆ ಆಮೀಟರ್ ಬೇಕಾಯಿತು. ಲೈಟ್ ಆಫ್, ಕೀ ಆನ್, ಕೈಯಲ್ಲೇ ಕಿಕ್ ಒತ್ತಿ ಎಂಜಿನ್ ನಿಧಾನಕ್ಕೆ ತಿರುಗಿಸಿದೆವು. ಪಾಯಿಂಟ್ ಮುಚ್ಚಿದಾಗ ಕಾಯಿಲ್‌ಗೆ ಕರೆಂಟ್ ಹರಿದು ಮುಳ್ಳು ಮೈನಸ್ ಕಡೆಗೆ ಮೂರು ನಾಲ್ಕು ಆಂಪಿಯರ್ ಬಗ್ಗುತ್ತದೆ. ಪಾಯಿಂಟ್ ಬಿಟ್ಟಾಗ ಸೊನ್ನೆಗೆ ವಾಪಸ್ ಬರುತ್ತದೆ. ಈ ಗಾಡಿಯಲ್ಲಿ ಎರಡೂ ಸರಿಯಾಗಿಯೇ ಆಯಿತು. ಮುಳ್ಳು ಬಗ್ಗದೇ ಇದ್ದಿದ್ದರೆ ಪಾಯಿಂಟ್ ಕೊಳೆ, ಇಲ್ಲವೇ ವೈರ್ ಕಡಿದಿದೆ ಅಂತ ಅರ್ಥ. ಬಗ್ಗಿದ್ದು ಮೇಲೇಳದೇ ಇದ್ದಿದ್ದರೆ ಕಂಡೆನ್ಸರ್ ಪೂರ್ತಿ ಶಾರ್ಟ್, ಅಥವಾ ಪಾಯಿಂಟ್ ತೆರೆಯುತ್ತಿಲ್ಲ. ಎರಡೂ ಇಲ್ಲ ಅಂದಾಗ ಬ್ಯಾಟರಿ, ಕೀ ಸ್ವಿಚ್ಚು, ವೈರು, ಕಾಯಿಲ್‌ನ ಪ್ರೈಮರಿ ಸುತ್ತು ಇಷ್ಟರ ಮೇಲಿನ ಅನುಮಾನ ಬಹುಪಾಲು ಹೋಯಿತು.

ಕೊನೆಗೆ ಪಾಯಿಂಟ್ ಡಬ್ಬಿ. ಬುಲೆಟ್‌ನಲ್ಲಿ ಇದು ಬಲಗಡೆ, ಸಿಲಿಂಡರಿನ ಹಿಂದೆ ಇದೆ. ನೇರ ಗಾಳಿ ಬೀಳದ ಜಾಗ. ಮುಚ್ಚಳದ ಮೇಲೆ ಬೆರಳು ಇಡಲಿಕ್ಕೆ ಆಗದಷ್ಟು ಕಾದಿತ್ತು. ಮುಚ್ಚಳ ತೆಗೆದು ಯಜಮಾನರಿಗೆ ಕಿಕ್ ಹೊಡೆಯಲು ಹೇಳಿ ನಾನು ಬಗ್ಗಿ ನೋಡಿದೆ. ಸಂಜೆಯ ಮಬ್ಬು ಬೆಳಕು ಇದಕ್ಕೆ ಅನುಕೂಲವಾಯಿತು. ಪ್ರತಿ ಸಲ ಪಾಯಿಂಟ್ ಬಿಟ್ಟಾಗಲೂ ಅಲ್ಲೇ ಫಳ್ ಅಂತ ದೊಡ್ಡ ಬಿಳಿ ನೀಲಿ ಕಿಡಿ. ಸರಿ ಇರುವ ಗಾಡಿಯಲ್ಲಿ ಅಲ್ಲಿ ಸೂಜಿ ಮೊನೆಯಷ್ಟು ಕಿಡಿ ಕಂಡರೆ ಹೆಚ್ಚು. ಪ್ಲಗ್‌ಗೆ ಹೋಗಬೇಕಾದ ಶಕ್ತಿ ಪಾಯಿಂಟ್‌ನಲ್ಲೇ ಸುಟ್ಟು ಹೋಗುತ್ತಿತ್ತು. ಅನುಮಾನ ನೇರವಾಗಿ ಕಂಡೆನ್ಸರ್ ಮೇಲೆ ಬಂತು.

ಅನುಮಾನ ಸಾಕಾಗುವುದಿಲ್ಲ, ಸಾಬೀತಾಗಬೇಕು. ಚೀಲದಲ್ಲಿ ಎರಡು ಕ್ಲಿಪ್ ವೈರ್ ಮತ್ತು ಚೆನ್ನಾಗಿದೆ ಅಂತ ಗೊತ್ತಿದ್ದ ಒಂದು ಕಂಡೆನ್ಸರ್ ಇಟ್ಟುಕೊಂಡಿದ್ದೆ. ಹಳೆ ಕಂಡೆನ್ಸರ್‌ನ ವೈರ್ ಬಿಚ್ಚಿ ಟೇಪ್ ಸುತ್ತಿ ಬದಿಗೆ ಸರಿಸಿದೆ. ಇದನ್ನು ಬಿಚ್ಚಲೇಬೇಕು. ಹಳೆಯದು ಒಳಗೆ ಸೋರುತ್ತಿದ್ದರೆ ಅದರ ಜೊತೆಗೆ ಒಳ್ಳೆಯದನ್ನು ಸೇರಿಸಿದರೂ ಸೋರಿಕೆ ನಿಲ್ಲುವುದಿಲ್ಲ. ಒಂದು ಕ್ಲಿಪ್ ಪಾಯಿಂಟ್ ಟರ್ಮಿನಲ್‌ಗೆ, ಇನ್ನೊಂದು ಕಂಡೆನ್ಸರ್ ಮೈಯಿಂದ ಬಣ್ಣವಿಲ್ಲದ ಲೋಹಕ್ಕೆ. ಒಣ ಪ್ಲಗ್ ಹಾಕಿ, ಥ್ರಾಟಲ್ (ಆಕ್ಸಿಲೇಟರ್) ತೆರೆದು, ಡಿಕಂಪ್ರೆಸರ್ ಹಿಡಿದು, ಕೀ ಆಫ್ ಇಟ್ಟು ಕೆಲವು ಕಿಕ್ ಹೊಡೆದು ಒಳಗಿನ ಹೆಚ್ಚುವರಿ ಪೆಟ್ರೋಲ್ ಹೊರಹಾಕಿದೆವು. ಆಮೇಲೆ ಕೀ ಆನ್.

ಮೊದಲ ಕಿಕ್‌ಗೇ ಹಿಡಿಯಿತು. ಎಂಜಿನ್ ಇನ್ನೂ ಅಷ್ಟೇ ಬಿಸಿ ಇತ್ತು.

"ಓ ಮಾರಾಯಾ!" ಅಂದರು ಯಜಮಾನರು. ಆಫ್ ಮಾಡಿ ಹಳೆ ಕಂಡೆನ್ಸರ್ ವಾಪಸ್ ಸೇರಿಸಿದೆ. ಹಿಡಿಯಲಿಲ್ಲ. ಹೊರಗಿನದು ಹಾಕಿದೆ, ಹಿಡಿಯಿತು. ಹೀಗೆ ಅದಲುಬದಲು ಮಾಡಿ ನೋಡುವುದು ಬಹಳ ಮುಖ್ಯ. ಒಂದೇ ಸಲ ಹಿಡಿದರೆ ಅಷ್ಟರೊಳಗೆ ಗಾಡಿ ತಣ್ಣಗಾಗಿಯೂ ಹಿಡಿದಿರಬಹುದು. ದೋಷವನ್ನು ಬೇಕಾದಾಗ ತರಿಸಿ, ಬೇಕಾದಾಗ ಕಳಿಸಲು ಆದಾಗ ಮಾತ್ರ ಕಾರಣ ಸಿಕ್ಕಿದೆ ಅಂತ ನಾನು ಒಪ್ಪುತ್ತೇನೆ.

ಕಂಡೆನ್ಸರ್ ಮಾಡುವ ಕೆಲಸ

ತೋರುಬೆರಳಿನ ತುದಿಯಷ್ಟು ದೊಡ್ಡ ತಗಡಿನ ಕೊಳವೆ, ಒಳಗೆ ಲೋಹದ ತೆಳು ಹಾಳೆ ಮತ್ತು ಕಾಗದವೋ ಪ್ಲಾಸ್ಟಿಕ್ಕೋ ಸುರುಳಿ ಸುತ್ತಿರುತ್ತಾರೆ. ಇದರ ಕೆಲಸ ಅರ್ಥವಾದರೆ ಇಡೀ ದೋಷ ಅರ್ಥವಾಗುತ್ತದೆ.

ಯಜಮಾನರಿಗೆ ಅವರ ತೋಟದ ಭಾಷೆಯಲ್ಲೇ ಹೇಳಿದೆ. ಜೋರಾಗಿ ಹರಿಯುವ ಕಾಲುವೆಗೆ ಇದ್ದಕ್ಕಿದ್ದಂತೆ ಹಲಗೆ ಇಟ್ಟರೆ ನೀರು ನುಗ್ಗಿ ಹಲಗೆಯ ಮೇಲೇ ಹಾರುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇದ್ದರೆ ಆ ನುಗ್ಗು ಗುಂಡಿಗೆ ಹೋಗುತ್ತದೆ, ಹಲಗೆ ಗಟ್ಟಿ ನಿಲ್ಲುತ್ತದೆ, ಕಾಲುವೆ ಥಟ್ಟನೆ ನಿಲ್ಲುತ್ತದೆ. ಕಾಯಿಲ್‌ನಲ್ಲೂ ಕರೆಂಟ್ ಹಾಗೆ ಥಟ್ಟನೆ ನಿಲ್ಲಬೇಕು. ಆಗಲೇ ಅದರ ಅಯಸ್ಕಾಂತ ಶಕ್ತಿ ಒಮ್ಮೆಗೇ ಕುಸಿದು, ಸಾವಿರಾರು ವೋಲ್ಟ್ ಹುಟ್ಟಿ, ಪ್ಲಗ್‌ನಲ್ಲಿ ಕಿಡಿ ಹಾರುವುದು. ಕಂಡೆನ್ಸರ್ ಕೆಟ್ಟರೆ ಕರೆಂಟ್ ಪಾಯಿಂಟ್‌ನ ಸಣ್ಣ ಸಂದಿಯಲ್ಲೇ ಹಾರುತ್ತಾ ನಿಧಾನಕ್ಕೆ ನಿಲ್ಲುತ್ತದೆ. ಕಿಡಿ ಸಪ್ಪೆಯಾಗುತ್ತದೆ.

ಹಾಗಾದರೆ ಓಡುವಾಗ ಯಾಕೆ ತೊಂದರೆ ಇಲ್ಲ? ಎರಡು ಕಾರಣ. ಒಂದು, ಓಡುವಾಗ ಡಬ್ಬಿ ಅಷ್ಟು ಬಿಸಿ ಇರುವುದಿಲ್ಲ. ಇನ್ನೊಂದು, ಓಡುವಾಗ ಪಾಯಿಂಟ್ ಬಹಳ ಬೇಗ ತೆರೆಯುತ್ತದೆ, ಸಂದಿ ಬೇಗ ಅಗಲವಾಗಿ ಕಿಡಿ ಅಲ್ಲಿ ನಿಲ್ಲುವುದಕ್ಕೆ ಸಮಯವೇ ಸಿಗುವುದಿಲ್ಲ. ಕಿಕ್ ಹೊಡೆಯುವಾಗ ಎಂಜಿನ್ ತಿರುಗುವುದು ನಿಧಾನ, ಪಾಯಿಂಟ್ ತೆರೆಯುವುದೂ ನಿಧಾನ. ಸೋತ ಕಂಡೆನ್ಸರ್‌ಗೆ ಅದೇ ಅತಿ ಕಷ್ಟದ ಹೊತ್ತು. ಕಾದಾಗ ಮತ್ತು ಕಿಕ್ ಹೊಡೆಯುವಾಗ, ಎರಡೂ ಸೇರಿದಾಗ ಮಾತ್ರ ದೋಷ ಕಾಣುತ್ತದೆ.

ಹೊಸ ಕಂಡೆನ್ಸರ್ ಯಾಕೆ ಕೆಟ್ಟಿತು

ಈ ಗಾಡಿಯಲ್ಲಿ ಎಲ್ಲರೂ ತಪ್ಪಿದ್ದು ಇಲ್ಲೇ. ಕಂಡೆನ್ಸರ್ ಹೊಸದು, ಹಾಗಾಗಿ ಅದು ಸರಿ ಇದೆ ಅಂತ ಬಿಟ್ಟಿದ್ದರು. ಹೊಸದು ಅಂದ ಮಾತ್ರಕ್ಕೆ ಒಳ್ಳೆಯದು ಅಂತ ಆಗುವುದಿಲ್ಲ. ಹಳೆ ಗಾಡಿಗಳಿಗೆ ಈಗ ಸಿಗುವ ಬಿಡಿ ಭಾಗಗಳಲ್ಲಿ ಗುಣಮಟ್ಟ ಒಂದೇ ತರ ಇರುವುದಿಲ್ಲ. ಪಾಕೆಟ್ ಮೇಲೆ ಏನು ಅಚ್ಚಾಗಿದೆ ಅನ್ನುವುದಕ್ಕಿಂತ ಗಾಡಿಯಲ್ಲಿ ಹೇಗೆ ನಡೆಯುತ್ತದೆ ಅನ್ನುವುದು ನೋಡಬೇಕು.

ಗ್ಯಾರೇಜಿಗೆ ಬಂದ ಮೇಲೆ ಆ ಕಂಡೆನ್ಸರನ್ನು ಮಲ್ಟಿಮೀಟರ್‌ಗೆ ಹಾಕಿದೆವು. ತಣ್ಣಗಿದ್ದಾಗ ಸುಮಾರು 0.2 ಮೈಕ್ರೋಫ್ಯಾರಡ್ (ಕಂಡೆನ್ಸರ್ ಎಷ್ಟು ವಿದ್ಯುತ್ ಹಿಡಿದಿಡುತ್ತದೆ ಅನ್ನುವ ಅಳತೆ). ಇರಬೇಕಾದ್ದೂ ಅಷ್ಟೇ. ನೀರು ಒಳಹೋಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿ ನೀರಿಗೆ ಇಳಿಬಿಟ್ಟಾಗ ರೀಡಿಂಗ್ ಒಂದೇ ಕಡೆ ನಿಲ್ಲದೆ ಕುಣಿಯತೊಡಗಿತು. ಈ ಪರೀಕ್ಷೆಯಲ್ಲಿ ಪಾಸಾದರೂ ಪೂರ್ತಿ ನಂಬಬೇಡಿ. ಪಾಯಿಂಟ್ ಬಿಡುವ ಕ್ಷಣದಲ್ಲಿ ಕಂಡೆನ್ಸರ್ ಮೇಲೆ ಇನ್ನೂರು ಮುನ್ನೂರು ವೋಲ್ಟ್ ಬೀಳುತ್ತದೆ. ಮಲ್ಟಿಮೀಟರ್ ಅಳೆಯುವುದು ಒಂದೆರಡು ವೋಲ್ಟ್‌ನಲ್ಲಿ. ಮೀಟರ್‌ನಲ್ಲಿ ಒಳ್ಳೆಯದಾಗಿ ಕಂಡ ಕಂಡೆನ್ಸರ್ ಗಾಡಿಯಲ್ಲಿ ಸೋಲಬಹುದು. ಅದಕ್ಕೇ ಕ್ಲಿಪ್ ವೈರಿನ ಪರೀಕ್ಷೆಗೆ ನನ್ನ ಓಟು.

ಪಾಯಿಂಟ್ ಕೂಡ ಹಾಳಾಗಿತ್ತು. ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಅಷ್ಟೇ ಗಾತ್ರದ ಗುಳ್ಳೆ, ಸುತ್ತ ನೀಲಿ ಸುಟ್ಟ ಕಲೆ. ಒಂದೇ ವರ್ಷದ ಪಾಯಿಂಟ್ ಈ ಸ್ಥಿತಿಗೆ ಬಂದಿದೆ ಅಂದರೆ ಕಂಡೆನ್ಸರ್ ಸರಿ ಇಲ್ಲ ಅಂತಲೇ ಸುಳಿವು. ಯಾರಾದರೂ ಒಮ್ಮೆ ಡಬ್ಬಿ ತೆಗೆದು ಈ ಮುಖಗಳನ್ನು ನೋಡಿದ್ದರೆ ಯಜಮಾನರ ಕೆಲವು ಸಾವಿರ ರೂಪಾಯಿ ಉಳಿಯುತ್ತಿತ್ತು.

ರಿಪೇರಿ

ಅದೇ ಜಾಗಕ್ಕೆ ಇನ್ನೊಂದು ಹೊಸ ಕಂಡೆನ್ಸರ್ ಹಾಕಿದ್ದರೆ ಬಹುಶಃ ಒಂದೆರಡು ಬೇಸಿಗೆ ನಡೆಯುತ್ತಿತ್ತು. ಆದರೆ ಸುಡುವ ಡಬ್ಬಿಯೊಳಗೆ ಅದು ಇರಲೇಬೇಕು ಅಂತ ಏನೂ ಇಲ್ಲ. ಕಂಡೆನ್ಸರ್‌ನ ಒಂದು ತುದಿ ಪಾಯಿಂಟ್ ವೈರಿಗೆ ಸೇರಬೇಕು, ಇನ್ನೊಂದು ಅರ್ತ್ ಆಗಬೇಕು, ಅಂದರೆ ಗಾಡಿಯ ಲೋಹದ ಮೈಗೆ ತಾಗಬೇಕು. ಆ ವೈರು ಕಾಯಿಲ್‌ನ ಪಾಯಿಂಟ್ ಕಡೆಯ ಟರ್ಮಿನಲ್‌ನಿಂದಲೇ ಬರುವುದು. ಹಾಗಾಗಿ ಕಂಡೆನ್ಸರನ್ನು ಎಂಜಿನ್ನಿಂದ ದೂರ, ಕಾಯಿಲ್ ಪಕ್ಕದಲ್ಲೇ ಕೂರಿಸಬಹುದು. ಹಳೆ ಬುಲೆಟ್ ಓಡಿಸುವವರು ಬಹಳ ಕಡೆ ಹೀಗೆ ಮಾಡುತ್ತಾರೆ. ನಾವೂ ಅದನ್ನೇ ಮಾಡಿದೆವು. ಕಾರಿನ ಡಿಸ್ಟ್ರಿಬ್ಯೂಟರ್‌ಗೆ ಹಾಕುವ, ಹೆಚ್ಚುಕಡಿಮೆ ಅಷ್ಟೇ ಮೈಕ್ರೋಫ್ಯಾರಡ್ ಇರುವ ಕಂಡೆನ್ಸರ್ ಬಳಸಿದೆವು.

ಇಲ್ಲಿ ಗಮನ ಕೊಡಬೇಕಾದ್ದು ಅರ್ತ್. ಫ್ರೇಮಿನ ಬಣ್ಣದ ಮೇಲೇ ಬೋಲ್ಟ್ ಬಿಗಿದರೆ ಅರ್ತ್ ಆಗುವುದಿಲ್ಲ, ಕಂಡೆನ್ಸರ್ ಇದ್ದೂ ಇಲ್ಲದ ಹಾಗೆ. ಬಣ್ಣ ಕೆರೆದು ಲೋಹ ಕಾಣುವ ಹಾಗೆ ಮಾಡಿ, ಸ್ಟಾರ್ ವಾಷರ್ ಹಾಕಿ ಬಿಗಿದೆವು. ಆಮೇಲೆ ತುಕ್ಕು ಹಿಡಿಯದಿರಲು ಮೇಲಿಂದ ಗ್ರೀಸ್. ವೈರಿನ ತುದಿಯನ್ನು ಬೆಸುಗೆ ಹಾಕಿ ಸ್ಲೀವ್ ಮುಚ್ಚಿದೆವು. ಹೊರಗೆ ಇಟ್ಟ ಮೇಲೆ ಆಗುಂಬೆಯ ಮಳೆಯ ಲೆಕ್ಕವನ್ನೂ ಹಿಡಿಯಬೇಕಲ್ವಾ? ಬರೀ ಟೇಪ್ ಸುತ್ತಿದರೆ ಆಷಾಢದ ಹೊತ್ತಿಗೆ ನೀರು ಒಳಗೆ ನಿಂತಿರುತ್ತದೆ.

ಪಾಯಿಂಟ್ ಹೊಸದು ಹಾಕಿ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಒಳಗೆ ಇಟ್ಟೆವು. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಹೊತ್ತು) ಬದಲಾಗುತ್ತದೆ, ಅದನ್ನು ಮರೆಯುವವರು ಬಹಳ. ಸಿಗರೇಟ್ ಪ್ಯಾಕಿನ ತೆಳು ಕಾಗದ ಪಾಯಿಂಟ್ ನಡುವೆ ಸಿಕ್ಕಿಸಿ, ಅದು ಸಡಿಲವಾಗಿ ಜಾರುವ ಕ್ಷಣ ನೋಡಿ ಟೈಮಿಂಗ್ ಹೊಂದಿಸಿದೆವು. ಹಳೆ ವಿಧಾನ, ಆದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ಯಾಮ್ ಮೇಲೆ ಉಜ್ಜುವ ಹಿಮ್ಮಡಿಗೆ ಒಂದು ಚೂರೇ ಚೂರು ಗ್ರೀಸ್. ಜಾಸ್ತಿ ಹಾಕಿದರೆ ಬಿಸಿಯಲ್ಲಿ ಕರಗಿ ಪಾಯಿಂಟ್ ಮುಖಕ್ಕೆ ಹಾರುತ್ತದೆ.

ಮತ್ತೆ ಘಾಟಿ ಇಳಿದು ಹತ್ತಿ, ಅದೇ ಜಾಗದಲ್ಲಿ, ಅಷ್ಟೇ ಹೊತ್ತು ನಿಲ್ಲಿಸಿ ನೋಡಿದೆವು. ಸ್ಟಾರ್ಟ್ ಆಯಿತು. ಆದರೆ ಮೊದಲ ಕಿಕ್ ಹುಸಿ ಹೋಗಿ ಎರಡನೆಯದಕ್ಕೆ ಹಿಡಿಯಿತು. ಸೈಲೆನ್ಸರಿನಿಂದ ಒಂದು ಗುಕ್ಕು ಕಪ್ಪು ಹೊಗೆ ಬಂತು. ಇದು ಪೆಟ್ರೋಲಿನ ಪಾಲು. ಪೆಟ್ರೋಲಿನ ಹಗುರ ಅಂಶ 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗತೊಡಗುತ್ತದೆ. ನಿಂತ ಗಾಡಿಯ ಕಾರ್ಬುರೇಟರ್ ಅದಕ್ಕಿಂತ ಬಹಳ ಜಾಸ್ತಿ ಕಾದಿರುತ್ತದೆ. ಆ ಆವಿ ಇನ್‌ಲೆಟ್‌ನಲ್ಲಿ ತುಂಬಿ ಮಿಶ್ರಣ ದಟ್ಟವಾಗುತ್ತದೆ. ಕಿಡಿ ಗಟ್ಟಿ ಇದ್ದರೆ ದಟ್ಟ ಮಿಶ್ರಣವೂ ಹೊತ್ತಿಕೊಳ್ಳುತ್ತದೆ, ಸಪ್ಪೆ ಇದ್ದರೆ ಇಲ್ಲ. ಕಾರ್ಬುರೇಟರಿಗೆ ಪೆಟ್ರೋಲ್ ಹೆಚ್ಚಾಗಿ ಬರದ ಹಾಗೆ ತಡೆಯುವ ಫ್ಲೋಟ್ ನೀಡಲ್ ಸ್ವಲ್ಪ ಸವೆದಿತ್ತು, ಅದನ್ನು ಬದಲಾಯಿಸಿದ ಮೇಲೆ ಹೊಗೆ ಕಡಿಮೆಯಾಯಿತು.

ಗಾಡಿ ಓಡಿಸುವ ಅಭ್ಯಾಸದಲ್ಲೂ ಎರಡು ಬದಲಾವಣೆ ಹೇಳಿ ಕಳಿಸಿದೆ. ಬಿಸಿ ಎಂಜಿನ್‌ಗೆ ಚೋಕ್ ಎಳೆಯಬಾರದು, ಕಿಕ್ ಹೊಡೆಯುವ ಮೊದಲು ಆಕ್ಸಿಲೇಟರ್ ತಿರುಚುತ್ತಾ ಕೂರಬಾರದು. ಎರಡು ಮೂರು ಕಿಕ್‌ಗೆ ಹಿಡಿಯದಿದ್ದರೆ ಹಟ ಮಾಡದೆ ಕೀ ಆಫ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಡಿಕಂಪ್ರೆಸರ್ ಹಿಡಿದು ಕೆಲವು ಸಲ ತಿರುಗಿಸಿ ಒಳಗೆ ಗಾಳಿ ಆಡಿಸಬೇಕು. ಆಮೇಲೆ ಕೀ ಆನ್ ಮಾಡಿ ಥ್ರಾಟಲ್ ಮುಟ್ಟದೆ ಒಂದೇ ಪೂರ್ತಿ ಕಿಕ್. ಯಜಮಾನರ ಮಗನೂ ಗಾಡಿ ಓಡಿಸುತ್ತಾನೆ, ಅವನಿಗೆ ಇದನ್ನು ಕೈಯಾರೆ ಮಾಡಿಸಿಯೇ ಕಳಿಸಿದ್ದು.

ಆ ಬೇಸಿಗೆ ಪೂರ್ತಿ ಮಂಡಗದ್ದೆಯಲ್ಲಿ ನಿಲ್ಲಿಸಿದರೂ, ಮಂಡಿ ಎದುರು ಬಿಸಿಲಲ್ಲಿ ನಿಲ್ಲಿಸಿದರೂ ಗಾಡಿ ಕೈ ಕೊಡಲಿಲ್ಲ. ಮಳೆಗಾಲ ಕಳೆದು ದೀಪಾವಳಿ ಹೊತ್ತಿಗೆ ಪಾಯಿಂಟ್ ನೋಡಿದಾಗ ಎರಡೂ ಮುಖ ಬೂದು ಬಣ್ಣದಲ್ಲಿ ಸಮನಾಗಿದ್ದವು. ಗುಳಿಯೂ ಇಲ್ಲ, ಗುಳ್ಳೆಯೂ ಇಲ್ಲ. ಕಂಡೆನ್ಸರ್ ಅಳತೆ ಸರಿಯಾಗಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಪಾಯಿಂಟ್ ಇಲ್ಲದ ಬೈಕಾದರೆ

ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆ ಯೆಜ್ಡಿಗಳಲ್ಲೂ ಪಾಯಿಂಟ್, ಕಂಡೆನ್ಸರ್ ಇವೆ. ಅವುಗಳಿಗೆ ಈ ಮೇಲಿನ ಬಹುಪಾಲು ಮಾತು ಹೊಂದುತ್ತದೆ. ಹಳೆ ಸ್ಪ್ಲೆಂಡರ್ ತರದ ಸಿಡಿಐ (ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ) ಗಾಡಿಗಳಲ್ಲಿ ಕಂಡೆನ್ಸರ್ ಹುಡುಕಿ ಪ್ರಯೋಜನ ಇಲ್ಲ. ಅಲ್ಲಿ ಬಿಸಿಗೆ ಸೋಲುವುದು ಹೆಚ್ಚಾಗಿ ಮ್ಯಾಗ್ನೆಟ್ ಒಳಗಿನ ಸೋರ್ಸ್ ಕಾಯಿಲ್ (ಕರೆಂಟ್ ಹುಟ್ಟಿಸುವುದು) ಅಥವಾ ಪಲ್ಸರ್ ಕಾಯಿಲ್ (ಕಿಡಿ ಯಾವಾಗ ಹಾರಬೇಕು ಅಂತ ತಿಳಿಸುವುದು). ಕೂದಲೆಳೆಯಂಥ ತಾಮ್ರದ ತಂತಿ ಕಾದು ಹಿಗ್ಗಿ ಒಳಗೆ ಬಿಟ್ಟುಕೊಳ್ಳುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡುತ್ತದೆ.

ಕ್ರಮ ಮಾತ್ರ ಬದಲಾಗುವುದಿಲ್ಲ. ಗಾಡಿ ಚೆನ್ನಾಗಿ ಓಡಿಸಿ, ಹಿಡಿಯದೇ ಇರುವ ಹೊತ್ತಿಗೆ ಪ್ಲಗ್ ಒದ್ದೆಯೋ ಒಣಗಿದೆಯೋ ನೋಡಿ. ಆಮೇಲೆ ಕಿಡಿಯ ಬಣ್ಣ ನೋಡಿ. ಕಿಡಿ ಸಪ್ಪೆ ಇದ್ದರೆ ಮ್ಯಾಗ್ನೆಟ್‌ನಿಂದ ಬರುವ ಕಪ್ಲರ್ ಬಿಚ್ಚಿ, ಎರಡೂ ಕಾಯಿಲ್‌ಗಳ ಓಮ್ಸ್ ಆಗಲೇ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಮಾರನೇ ಬೆಳಿಗ್ಗೆ ತಣ್ಣಗಿದ್ದಾಗ ಮತ್ತೆ ಅಳೆಯಿರಿ. ಬಿಸಿಯಲ್ಲಿ ತಾಮ್ರದ ಓಮ್ಸ್ ಸ್ವಲ್ಪ ಏರುವುದು ಸಹಜ. ನೂರು ಓಮ್ಸ್ ಇದ್ದದ್ದು 25 ಡಿಗ್ರಿ ಬಿಸಿ ಏರಿದರೆ ಸುಮಾರು 110 ಆಗುತ್ತದೆ. ಆದರೆ ಎರಡು ಪಟ್ಟಾದರೆ, ಅಥವಾ ಮೀಟರ್ ಏನೂ ತೋರಿಸದಿದ್ದರೆ ಆ ಕಾಯಿಲ್ ಬದಲಾಯಿಸಬೇಕು. ಎರಡೂ ಕಾಯಿಲ್ ಸರಿ ಇದ್ದರೆ ಮಾತ್ರ ಸಿಡಿಐ ಯೂನಿಟ್. ಅದಕ್ಕೂ ಅದೇ ಪರೀಕ್ಷೆ: ಗೆಳೆಯರ ಗಾಡಿಯ ಒಳ್ಳೆ ಯೂನಿಟ್ ತಂದು, ಎಂಜಿನ್ ಬಿಸಿ ಇರುವಾಗಲೇ ಸಿಕ್ಕಿಸಿ ಕಿಕ್ ಹೊಡೆಯಿರಿ. ಹಿಡಿದರೆ ಹಳೆಯದನ್ನು ವಾಪಸ್ ಹಾಕಿ ಇನ್ನೊಮ್ಮೆ ನೋಡಿ, ಆಮೇಲೆ ಅಂಗಡಿಗೆ ಹೋಗಿ.